ಸರ್ಕಾರಿ ಜೆಟ್‌ನಲ್ಲಿ ಸ್ವಂತ ಪ್ರಯಾಣ: ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಮುಖ್ಯಸ್ಥರ ಜೆಟ್ ಸುದ್ದಿ ಬಂತು. ಅದರ ಬೆನ್ನಲ್ಲೇ ನಮ್ಮ ಮುಖ್ಯಮಂತ್ರಿಯವರ ವಿಶೇಷ ವಿಮಾನದ ಲೆಕ್ಕ ಬೆಳಗಾವಿ ಅಧಿವೇಶನದಲ್ಲಿ ಹೊರಬಿತ್ತು. ಆಗಿನಿಂದ ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಬಸ್ಸಿನಲ್ಲಿ ಜನ ಕೇಳುತ್ತಿರುವುದು ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆಗಳು. ಪ್ರತಿ ಸಲ ಅರ್ಧಂಬರ್ಧ ಮಾತಾಡುವ ಬದಲು ಗೊತ್ತಿರುವುದನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಮೆರಿಕದಲ್ಲಿ ಎದ್ದ ಗಲಾಟೆ ಏನು?

2025ರ ಅಕ್ಟೋಬರ್ ಕೊನೆಯಲ್ಲಿ ಎಫ್‌ಬಿಐ ನಿರ್ದೇಶಕ ಕಾಶ್ ಪಟೇಲ್ ಇಲಾಖೆಯ ಜೆಟ್ ಹತ್ತಿ ಪೆನ್ಸಿಲ್ವೇನಿಯಾದ ಒಂದು ಕುಸ್ತಿ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಅವರ ಗೆಳತಿಯ ಹಾಡುಗಾರಿಕೆ ಇತ್ತು. ವಿಮಾನಗಳ ಜಾಡು ತೋರಿಸುವ ತಾಣಗಳಲ್ಲಿ ಆ ಜೆಟ್ ಕಾಣಿಸಿತು. ಸುದ್ದಿಯಾಯಿತು. ಆಗ ಅಲ್ಲಿ ಬಜೆಟ್‌ಗೆ ಒಪ್ಪಿಗೆ ಸಿಗದೆ ಅನೇಕ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದ್ದವು. ಲಕ್ಷಾಂತರ ನೌಕರರಿಗೆ ಸಂಬಳ ನಿಂತಿತ್ತು. ಜನಕ್ಕೆ ಸಿಟ್ಟು ಬಂದದ್ದು ಅದಕ್ಕೇ. ಆರೋಪಕ್ಕೆ ಆಧಾರವಿಲ್ಲ ಎಂದು ಪಟೇಲ್ ಹೇಳಿದರು. ಆದರೆ ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಕ್ರಿಸ್ಟೋಫರ್ ರೇ ಇದೇ ಥರ ಜೆಟ್ ಬಳಸಿದಾಗ ಟೀಕೆ ಮಾಡಿದವರಲ್ಲಿ ಪಟೇಲ್ ಕೂಡ ಒಬ್ಬರು.

ಅದೇ ತಿಂಗಳು ಇನ್ನೊಂದು ಸುದ್ದಿಯೂ ಬಂತು. ಅಲ್ಲಿನ ಆಂತರಿಕ ಭದ್ರತಾ ಇಲಾಖೆ ಕೋಸ್ಟ್ ಗಾರ್ಡ್ ಹೆಸರಿನಲ್ಲಿ ಸುಮಾರು 17.2 ಕೋಟಿ ಡಾಲರ್ ಕೊಟ್ಟು ಎರಡು ಗಲ್ಫ್‌ಸ್ಟ್ರೀಮ್ ಜೆಟ್ ಕೊಳ್ಳಲು ಹೊರಟಿತ್ತು. ಅವು ಹಿರಿಯ ಅಧಿಕಾರಿಗಳ ಓಡಾಟಕ್ಕೆ.

ಸ್ವಂತ ಕೆಲಸಕ್ಕೂ ಅವರು ಸರ್ಕಾರಿ ವಿಮಾನದಲ್ಲೇ ಹೋಗಬೇಕು ಅಂತ ನಿಯಮ ಇದೆಯಂತೆ. ಮತ್ತೆ ತಪ್ಪೇನು?

ನಿಯಮ ಇರುವುದು ನಿಜ. ಅಟಾರ್ನಿ ಜನರಲ್ (ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥರು; ಎಫ್‌ಬಿಐ ಬರುವುದೂ ಅದೇ ಇಲಾಖೆಗೆ) ಮತ್ತು ಎಫ್‌ಬಿಐ ನಿರ್ದೇಶಕರು ಯಾವ ಗಳಿಗೆಯಲ್ಲೂ ಗುಪ್ತ ಸಂಪರ್ಕಕ್ಕೆ ಸಿಗಬೇಕು. ಮಾಮೂಲಿ ವಿಮಾನದಲ್ಲಿ ಅದು ಆಗುವುದಿಲ್ಲ. ಅದಕ್ಕೆ ರಜೆಗೆ ಹೋದರೂ ಸರ್ಕಾರಿ ವಿಮಾನವೇ. ಎ-126 ಎಂಬ ಸುತ್ತೋಲೆ ಇದನ್ನೆಲ್ಲ ವಿವರವಾಗಿ ಹೇಳುತ್ತದೆ.

ಇಲ್ಲಿ ಒಂದು ವಿಷಯ ಸರಿಯಾಗಿ ನೋಡಬೇಕು. ಹೇಗೆ ಹೋಗಬೇಕು ಎಂದು ಆ ನಿಯಮ ಹೇಳುತ್ತದೆ. ಎಷ್ಟು ಸಲ ಹೋಗಬಹುದು ಎಂದು ಹೇಳುವುದಿಲ್ಲ. ಅದನ್ನು ತೀರ್ಮಾನ ಮಾಡುವುದು ಹೋಗುವವರೇ. ಅಮೆರಿಕದ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ 2013ರಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 2007ರಿಂದ 2011ರವರೆಗಿನ ಹಣಕಾಸು ವರ್ಷಗಳಲ್ಲಿ, ಹಿರಿಯ ಅಧಿಕಾರಿಗಳ ತನಿಖೆಗೆ ಸಂಬಂಧವಿಲ್ಲದ ಹಾರಾಟ ನ್ಯಾಯ ಇಲಾಖೆಯಲ್ಲಿ ನಡೆದದ್ದು 697. ಅದರಲ್ಲಿ 659 ಈ ಎರಡು ಹುದ್ದೆಗಳಲ್ಲಿದ್ದ ಮೂರೇ ಜನರದ್ದು. ಖರ್ಚು 1.14 ಕೋಟಿ ಡಾಲರ್. ಆ ಅವಧಿಯಲ್ಲಿ ಎರಡೂ ಪಕ್ಷಗಳ ಸರ್ಕಾರ ಇತ್ತು. ಈ ಹಾರಾಟಗಳಲ್ಲಿ ಕಚೇರಿ ಕೆಲಸವೂ ಇತ್ತು, ಸ್ವಂತದ್ದೂ ಇತ್ತು. ಎಲ್ಲವೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ತಡೆಯುವ ಕೈ ಯಾವುದೂ ಇರಲಿಲ್ಲ ಎಂಬುದು ಈ ಸಂಖ್ಯೆಯಲ್ಲೇ ಕಾಣುತ್ತದೆ.

ಸ್ವಂತ ಪ್ರಯಾಣಕ್ಕೆ ದುಡ್ಡು ವಾಪಸ್ ಕಟ್ಟುತ್ತಾರಲ್ವಾ?

ಕಟ್ಟುತ್ತಾರೆ. ಎಷ್ಟು ಕಟ್ಟುತ್ತಾರೆ ಎಂದು ಕೇಳಿ. ಇಡೀ ವಿವಾದದ ತಿರುಳು ಇರುವುದು ಅಲ್ಲೇ.

ಅಮೆರಿಕದ ನಿಯಮದಲ್ಲಿ ಅವರು ಕಟ್ಟಬೇಕಾದ್ದು ಮಾಮೂಲಿ ವಿಮಾನದ ಸಾಧಾರಣ ದರ್ಜೆಯ ಒಂದು ಟಿಕೆಟ್ ಬೆಲೆ. ಜೆಟ್ ಹಾರಿಸಿದ ಖರ್ಚಲ್ಲ. ಜೆಟ್‌ಗೆ ಇಂಧನ ಬೇಕು, ಇಬ್ಬರು ಪೈಲಟ್ ಬೇಕು, ನಿಲುಗಡೆ ಬಾಡಿಗೆ ಇದೆ, ಪ್ರತಿ ಗಂಟೆ ಹಾರಾಟಕ್ಕೂ ಎಂಜಿನ್ ಸವೆತದ ಲೆಕ್ಕ ಇದೆ. ಒಬ್ಬರು ಕೂತರೂ ಅಷ್ಟೇ, ಹತ್ತು ಜನ ಕೂತರೂ ಅಷ್ಟೇ. ಟಿಕೆಟ್ ದುಡ್ಡು ಕಟ್ಟಿದ ಮೇಲೂ ಉಳಿಯುವ ಖರ್ಚು ತೆರಿಗೆ ಕಟ್ಟುವವರ ತಲೆ ಮೇಲೆ.

ಟಾಮ್ ಪ್ರೈಸ್ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಅವರು ಅಮೆರಿಕದ ಆರೋಗ್ಯ ಮಂತ್ರಿ. ಬಾಡಿಗೆ ಜೆಟ್‌ಗಳಿಗೆ ಅವರಿಂದ ಸರ್ಕಾರಕ್ಕೆ ಬಿದ್ದ ಖರ್ಚು 4 ಲಕ್ಷ ಡಾಲರ್ ದಾಟಿದೆ ಎಂದು ಪತ್ರಿಕೆಯೊಂದು ಲೆಕ್ಕ ಹಾಕಿತು. ವಾಷಿಂಗ್ಟನ್‌ನಿಂದ ಫಿಲಡೆಲ್ಫಿಯಾಗೆ ಕೂಡ ಜೆಟ್. ಆ ಎರಡು ಊರುಗಳ ನಡುವೆ ದಿನವಿಡೀ ರೈಲು ಓಡುತ್ತದೆ. ಗಲಾಟೆ ಜೋರಾದಾಗ ಪ್ರೈಸ್ ತಮ್ಮ ಸೀಟಿನ ದುಡ್ಡು ಕಟ್ಟುತ್ತೇನೆ ಎಂದರು. ಅದು ಸುಮಾರು 52 ಸಾವಿರ ಡಾಲರ್. ಅಂದರೆ ಎಂಟರಲ್ಲಿ ಒಂದು ಪಾಲು. ಮರುವರ್ಷ ಇಲಾಖೆಯ ಒಳ ಪರಿಶೋಧಕರು 21 ಪ್ರಯಾಣ ಪರಿಶೀಲಿಸಿದರು. 20ರಲ್ಲಿ ನಿಯಮ ಪಾಲನೆ ಆಗಿರಲಿಲ್ಲ. ಕನಿಷ್ಠ 3 ಲಕ್ಷ 41 ಸಾವಿರ ಡಾಲರ್ ವ್ಯರ್ಥವಾಗಿ ಹೋಗಿದೆ ಎಂದರು.

ನಮ್ಮಲ್ಲೂ ಇದೇ ಕಥೆ. ಪ್ರಧಾನಿಯವರು ಪಕ್ಷದ ಸಭೆಗೆ ವಾಯುಪಡೆ ವಿಮಾನದಲ್ಲಿ ಹೋದರೆ ಪಕ್ಷ ದುಡ್ಡು ಕಟ್ಟಬೇಕು. 2019ರಲ್ಲಿ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಮೂಲಕ ಬಂದ ಮಾಹಿತಿ ಪ್ರಕಾರ, ನರೇಂದ್ರ ಮೋದಿಯವರ ಕಚೇರಿ ಕೆಲಸದ್ದಲ್ಲದ 240 ಪ್ರಯಾಣಕ್ಕೆ ಬಿಜೆಪಿ ವಾಯುಪಡೆಗೆ ಕೊಟ್ಟದ್ದು 1.4 ಕೋಟಿ ರೂಪಾಯಿ. ಭಾಗಿಸಿ ನೋಡಿ, ಒಂದು ಪ್ರಯಾಣಕ್ಕೆ 60 ಸಾವಿರವೂ ಆಗುವುದಿಲ್ಲ. ಕೆಲವಕ್ಕೆ ಕಟ್ಟಿದ್ದು 744 ರೂಪಾಯಿ. ಅದು ನಿಯಮ ಮೀರಿ ಕಟ್ಟಿದ ದುಡ್ಡಲ್ಲ, ಇದ್ದ ದರದ ಪ್ರಕಾರವೇ ಕಟ್ಟಿದ್ದು. ಹಾಗಾಗಿಯೇ ನನಗೆ ನಿಯಮದ ಬಗ್ಗೆ ಜಾಸ್ತಿ ಬೇಸರ. ಪಕ್ಷ ಯಾವುದೇ ಇರಲಿ, ದರ ಹೀಗಿದ್ದರೆ ಯಾರಾದರೂ ಕಡಿಮೆಯೇ ಕಟ್ಟುತ್ತಾರೆ.

ಇದಕ್ಕಾಗಿ ಯಾರಾದರೂ ಕುರ್ಚಿ ಬಿಟ್ಟಿದ್ದಾರಾ?

ಬಿಟ್ಟಿದ್ದಾರೆ. ಪ್ರೈಸ್ 2017ರ ಸೆಪ್ಟೆಂಬರ್ 29ರಂದು ರಾಜೀನಾಮೆ ಕೊಟ್ಟರು. ಅದಕ್ಕೂ ಮುಂಚೆ, 1991ರಲ್ಲಿ, ಅಧ್ಯಕ್ಷ ಬುಷ್ ಅವರ ಕಚೇರಿಯ ಮುಖ್ಯಸ್ಥರಾಗಿದ್ದ ಜಾನ್ ಸುನುನು ಮಿಲಿಟರಿ ಜೆಟ್‌ನಲ್ಲಿ ಹಿಮದ ಮೇಲೆ ಸ್ಕೀ ಆಡಲು ಮತ್ತು ಬಾಸ್ಟನ್‌ನ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದು ಬಯಲಾಯಿತು. ವಿಮಾನಕ್ಕೆ ಕಡಿವಾಣ ಬಿತ್ತು. ಆಮೇಲೆ ಸರ್ಕಾರಿ ಕಾರಿನಲ್ಲಿ ನ್ಯೂಯಾರ್ಕಿಗೆ ಅಂಚೆಚೀಟಿ ಹರಾಜಿಗೆ ಹೋದರು. ಅದೂ ಸುದ್ದಿಯಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಜೆಟ್ ಒಂದೇ ಕಾರಣ ಅಲ್ಲ, ಆದರೆ ಅವರ ಬಲ ಕುಂದಿದ್ದು ಅಲ್ಲಿಂದಲೇ.

ತುಮಕೂರಿನವರಿಗೆ ತಕ್ಷಣ ಅರ್ಥವಾಗುವುದು ಆಸ್ಟ್ರೇಲಿಯಾದ್ದು. ಅಲ್ಲಿನ ಕೆಳಮನೆಯ ಸ್ಪೀಕರ್ ಬ್ರಾನ್ವಿನ್ ಬಿಷಪ್ 2014ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಿಂದ ಜೀಲಾಂಗ್‌ಗೆ ಹೆಲಿಕಾಪ್ಟರ್‌ನಲ್ಲಿ ಹೋದರು. ಹೋದದ್ದು ತಮ್ಮ ಪಕ್ಷದ ನಿಧಿ ಸಂಗ್ರಹ ಕಾರ್ಯಕ್ರಮಕ್ಕೆ. ಬಿಲ್ಲು 5,227 ಆಸ್ಟ್ರೇಲಿಯನ್ ಡಾಲರ್. ದೂರ ಹತ್ತಿರ ಹತ್ತಿರ 80 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರು ದಾಟಿ ಸ್ವಲ್ಪ ಮುಂದೆ ಹೋದಷ್ಟು. ಕಾರಿನಲ್ಲಿ ಒಂದು ಗಂಟೆ ದಾರಿ. 2015ರಲ್ಲಿ ವಿಷಯ ಹೊರಬಂತು. ದಂಡ ಸೇರಿಸಿ ದುಡ್ಡು ಕಟ್ಟಿದರೂ ಜನ ಬಿಡಲಿಲ್ಲ. ಆಗಸ್ಟ್ 2ಕ್ಕೆ ಸ್ಪೀಕರ್ ಸ್ಥಾನ ಬಿಟ್ಟರು. ಮೊತ್ತ ಸಣ್ಣದು. ಆದರೆ ಅಷ್ಟು ಹತ್ತಿರಕ್ಕೆ, ಪಕ್ಷದ ಕೆಲಸಕ್ಕೆ, ಸಾರ್ವಜನಿಕರ ದುಡ್ಡಿನಲ್ಲಿ ಯಾಕೆ ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ದೇಶದಲ್ಲಿ ಸರ್ಕಾರಿ ವಿಮಾನ ಯಾರಿಗೆ?

ಮುಖ್ಯವಾಗಿ ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ. ಅವರ ದೂರದ ಪ್ರಯಾಣಕ್ಕೆ ಎರಡು ಬೋಯಿಂಗ್ 777 ವಿಮಾನಗಳಿವೆ. ಮೊದಲನೆಯದು 2020ರ ಅಕ್ಟೋಬರ್‌ನಲ್ಲಿ ಬಂತು. ಎರಡಕ್ಕೂ ಸೇರಿ ಸುಮಾರು 8,400 ಕೋಟಿ ರೂಪಾಯಿ. ಅವುಗಳನ್ನು ಹಾರಿಸುವುದು ವಾಯುಪಡೆ ಪೈಲಟ್‌ಗಳು. ಇದಲ್ಲದೆ ದೆಹಲಿಯ ಪಾಲಂನಲ್ಲಿ ಗಣ್ಯರಿಗಾಗಿಯೇ ವಾಯುಪಡೆಯ ಒಂದು ಸ್ಕ್ವಾಡ್ರನ್ ಇದೆ. ಅದರಲ್ಲಿ ಬೋಯಿಂಗ್ ಬಿಸಿನೆಸ್ ಜೆಟ್, ಎಂಬ್ರೇಯರ್ ಜೆಟ್ ಮತ್ತು ಹೆಲಿಕಾಪ್ಟರ್‌ಗಳಿವೆ. ಜಿಲ್ಲಾಧಿಕಾರಿ, ಕಾರ್ಯದರ್ಶಿ ಮಟ್ಟದವರಿಗೆ ಇಂಥ ಜೆಟ್ ಇಲ್ಲ. ಮಂತ್ರಿಗಳ ಜೊತೆ ಕೆಲಸದ ಮೇಲೆ ಹೋದಾಗ ಸೀಟು ಸಿಗಬಹುದು, ಅಷ್ಟೇ.

ಕರ್ನಾಟಕ ಸರ್ಕಾರದ ಲೆಕ್ಕ ಏನು?

ನಮ್ಮಲ್ಲಿ ಈಗ ನಡೆದಿರುವುದು ಬಾಡಿಗೆ ಪದ್ಧತಿ. ಮುಖ್ಯಮಂತ್ರಿಯವರಿಗೆ ಬೇಕಾದಾಗ ಖಾಸಗಿ ಕಂಪನಿಗಳಿಂದ ಜೆಟ್ ಅಥವಾ ಹೆಲಿಕಾಪ್ಟರ್ ತರಿಸುತ್ತಾರೆ.

2023ರ ಡಿಸೆಂಬರ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ದೆಹಲಿಯಿಂದ ವಾಪಸ್ ಬರುವಾಗ ಐಷಾರಾಮಿ ಜೆಟ್ ಒಳಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತು ಮಂತ್ರಿಗಳು ಕೂತಿದ್ದ ವಿಡಿಯೊವನ್ನು ವಸತಿ ಸಚಿವ ಜಮೀರ್ ಅಹಮದ್ ಖಾನ್ ಹಂಚಿಕೊಂಡರು. ಅವರು ದೆಹಲಿಗೆ ಹೋಗಿದ್ದು ಬರ ಪರಿಹಾರ ಕೇಳಲು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ನಮ್ಮ ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ಆ ವಿಡಿಯೊ ನೋಡಿ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ. ಕೊಳವೆಬಾವಿ ಬತ್ತಿ, ರಾಗಿ ಪೈರು ಕೈಗೆ ಬರದೆ ಕೂತಿದ್ದವರು ಅವರು. ವಿರೋಧ ಪಕ್ಷ ಕೇಳಿದ್ದಕ್ಕೆ ಮುಖ್ಯಮಂತ್ರಿ, ಮೋದಿಯವರು ಹೇಗೆ ಓಡಾಡುತ್ತಾರೆ ಎಂದು ಕೇಳಿ ಅಂದರು. ಅದು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ. ಇನ್ನೊಬ್ಬರ ಖರ್ಚು ತೋರಿಸಿದರೆ ನಮ್ಮ ಖರ್ಚು ಕಡಿಮೆಯಾಗುವುದಿಲ್ಲ.

ಎರಡು ವರ್ಷ ಆದ ಮೇಲೆ, 2025ರ ಡಿಸೆಂಬರ್‌ನಲ್ಲಿ, ವಿಧಾನ ಪರಿಷತ್ತಿನಲ್ಲಿ ಬಿಜೆಪಿಯ ಎನ್. ರವಿಕುಮಾರ್ ಕೇಳಿದ ಪ್ರಶ್ನೆಗೆ ಸರ್ಕಾರ ಲೆಕ್ಕ ಕೊಟ್ಟಿತು. 2023ರ ಮೇ ತಿಂಗಳಿಂದ ಈಚೆಗೆ ಮುಖ್ಯಮಂತ್ರಿಯವರ ವಿಶೇಷ ವಿಮಾನ ಮತ್ತು ಹೆಲಿಕಾಪ್ಟರ್ ಖರ್ಚು 47 ಕೋಟಿ ರೂಪಾಯಿ ದಾಟಿತ್ತು.

ನಾಲ್ಕು ಲಕ್ಷ ಕೋಟಿ ಬಜೆಟ್‌ನಲ್ಲಿ 47 ಕೋಟಿ ಯಾವ ಲೆಕ್ಕ ಸ್ವಾಮಿ?

ಈ ಮಾತನ್ನು ಓದಿದವರೇ ಜಾಸ್ತಿ ಹೇಳುತ್ತಾರೆ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರ ಎದುರು ಇದು ಸಣ್ಣ ಮೊತ್ತವೇ. ಒಪ್ಪುತ್ತೇನೆ.

ಆದರೆ ಬೇರೆ ಖರ್ಚಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ರಸ್ತೆ ಬೇಕು ಎಂದು ಕೇಳುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು, ಬಿಲ್ಲು ನೋಡುವವರು ಮತ್ತೊಬ್ಬರು. ಜೆಟ್ ವಿಷಯದಲ್ಲಿ ಬೇಕು ಎನ್ನುವವರೂ ಅವರೇ, ಒಪ್ಪುವವರೂ ಅವರೇ, ಅದರ ಸುಖ ಅನುಭವಿಸುವವರೂ ಅವರೇ. ಕೆಳಗಿನ ಅಧಿಕಾರಿ ಬೇಡ ಎಂದು ಕಡತದಲ್ಲಿ ಬರೆಯುವ ಸ್ಥಿತಿ ಇಲ್ಲ. ಹೀಗೆ ಒಂದೇ ಕೈಯಲ್ಲಿ ಎಲ್ಲವೂ ಇರುವ ಕಡೆ ಹೊರಗಿನವರು ನೋಡಲೇಬೇಕು.

ನಮ್ಮ ತಾಲ್ಲೂಕು ಕಚೇರಿಯ ಜೀಪನ್ನೇ ನೋಡಿ. ಅದರೊಳಗೆ ಒಂದು ಲಾಗ್ ಬುಕ್ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವ ಕೆಲಸಕ್ಕೆ ಎಂದು ಬರೆದು ಸಾಹೇಬರು ಸಹಿ ಹಾಕಬೇಕು. ಆಡಿಟ್‌ನವರು ಬಂದಾಗ ಅದನ್ನೇ ಮೊದಲು ಕೇಳುತ್ತಾರೆ. ಶಾಲೆ ಮೇಷ್ಟ್ರು ತರಬೇತಿಗೆ ಹೋಗಿಬಂದು ಟಿಎ ಬಿಲ್ಲು ಹಾಕಿದರೆ ಹಾಜರಾತಿ ಪತ್ರ ಲಗತ್ತಿಸಬೇಕು. ಜೀಪಿಗೆ ಇರುವ ಈ ಶಿಸ್ತು ಜೆಟ್‌ಗೂ ಇರಲಿ, ಮತ್ತು ಆ ಪುಸ್ತಕ ಜನಕ್ಕೆ ಕಾಣುವಂತಿರಲಿ. ನಾನು ಕೇಳುತ್ತಿರುವುದು ಇಷ್ಟೇ.

ಬಾಡಿಗೆ ಬಿಲ್ಲು ಅಷ್ಟೊಂದು ಏರುವುದು ಯಾಕೆ?

ಟ್ಯಾಕ್ಸಿಯವರು ವಾಪಸ್ ಖಾಲಿ ಬರಬೇಕು ಎಂದು ಎರಡೂ ಕಡೆ ದುಡ್ಡು ಕೇಳುವುದಿಲ್ಲವೇ, ಇಲ್ಲೂ ಹಾಗೇ. ಜೆಟ್ ಮುಂಬೈನಲ್ಲೋ ದೆಹಲಿಯಲ್ಲೋ ಇದ್ದರೆ ಅಲ್ಲಿಂದ ಬೆಂಗಳೂರಿಗೆ ಖಾಲಿ ಹಾರಿ ಬರುವ ಗಂಟೆಗೂ ಬಾಡಿಗೆ ಇದೆ. ಕೆಲಸ ಮುಗಿಸಿ ತನ್ನ ನೆಲೆಗೆ ಹೋಗುವ ಗಂಟೆಗೂ ಇದೆ. ರಾತ್ರಿ ತಂಗಿದರೆ ನಿಲುಗಡೆ ಶುಲ್ಕ, ಸಿಬ್ಬಂದಿಯ ಹೋಟೆಲ್ ಖರ್ಚು. ಎಲ್ಲದರ ಮೇಲೆ ಜಿಎಸ್‌ಟಿ. ಸಭೆ ತಡವಾದರೆ ಕಾಯುವ ದುಡ್ಡು. ಆರ್‌ಟಿಐನಲ್ಲಿ ಬರೀ ಒಟ್ಟು ಮೊತ್ತ ಕೇಳಿದರೆ ಇದೆಲ್ಲ ಕಾಣುವುದಿಲ್ಲ. ಖಾಲಿ ಹಾರಾಟದ ಗಂಟೆಯನ್ನು ಬೇರೆಯಾಗಿ ಕೇಳಬೇಕು.

ಹಾಗಾದರೆ ಸ್ವಂತಕ್ಕೇ ಒಂದು ಕೊಂಡರೆ ಉಳಿತಾಯ ಅಲ್ವಾ?

ಗುಜರಾತ್ ಸರ್ಕಾರ 2019ರಲ್ಲಿ 191 ಕೋಟಿ ಕೊಟ್ಟು ಬೊಂಬಾರ್ಡಿಯರ್ ಚಾಲೆಂಜರ್ ಜೆಟ್ ಕೊಂಡಿತು. ಕೊಂಡ ಮೇಲೆ ಪೈಲಟ್, ಎಂಜಿನಿಯರ್, ಹ್ಯಾಂಗರ್, ವಿಮೆ ಎಲ್ಲವೂ ವರ್ಷವಿಡೀ ನಡೆಯುತ್ತಲೇ ಇರಬೇಕು, ಹಾರಿದರೂ ಹಾರದಿದ್ದರೂ. ಮಧ್ಯಪ್ರದೇಶದ ಅನುಭವ ಇನ್ನೂ ಕಹಿ. 2021ರ ಮೇ ತಿಂಗಳಲ್ಲಿ ರೆಮ್‌ಡೆಸಿವಿರ್ ಔಷಧಿ ಹೊತ್ತು ಹೋಗಿದ್ದ ಸರ್ಕಾರದ ಪುಟ್ಟ ವಿಮಾನ ಗ್ವಾಲಿಯರ್‌ನಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ ಹಾಳಾಯಿತು. ಅದಕ್ಕೆ ವಿಮೆಯೇ ಇರಲಿಲ್ಲ. ಕೊನೆಗೆ ಸರ್ಕಾರ ಪೈಲಟ್‌ಗೇ 85 ಕೋಟಿಯ ನೋಟಿಸ್ ಕೊಟ್ಟಿತು.

ಇನ್ನೂ ಒಂದಿದೆ. ಸ್ವಂತದ್ದು ಮನೆ ಬಾಗಿಲಲ್ಲಿ ನಿಂತಿದ್ದರೆ ಬಳಸುವ ಮನಸ್ಸೂ ಜಾಸ್ತಿಯಾಗುತ್ತದೆ. ಪ್ರತಿ ಸಲ ಬಾಡಿಗೆ ಬಿಲ್ಲು ಬರುವುದಿಲ್ಲವಾದ್ದರಿಂದ ಪ್ರಯಾಣದ ಖರ್ಚು ಕಾಣುವುದೂ ಕಷ್ಟ. ಲೆಕ್ಕ ಹೊರಗೆ ಬರಬೇಕು ಎನ್ನುವ ನನ್ನಂಥವರಿಗೆ ಬಾಡಿಗೆಯೇ ವಾಸಿ. ಬಿಲ್ಲಾದರೂ ಇರುತ್ತದಲ್ಲ.

ತುಮಕೂರಿಗೆ ಹೆಲಿಕಾಪ್ಟರ್‌ನಲ್ಲಿ ಬರುವುದು ತಪ್ಪಾ?

ಜೆಟ್ ಅಂತೂ ಇಲ್ಲಿ ಇಳಿಯಲಾರದು. ಅದಕ್ಕೆ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಅಥವಾ ದೇವನಹಳ್ಳಿಯೇ ಗತಿ. ನಮ್ಮೂರಿಗೆ ಬರುವುದು ಹೆಲಿಕಾಪ್ಟರ್.

ಬೆಂಗಳೂರಿನಿಂದ ಇಲ್ಲಿಗೆ 70 ಕಿಲೋಮೀಟರ್. ಕೋಲಾರವೂ ಹೆಚ್ಚು ಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರ ಇನ್ನೂ ಹತ್ತಿರ. ನೆಲಮಂಗಲದ ಟ್ರಾಫಿಕ್ ಸೇರಿಸಿದರೂ ಎರಡು ಗಂಟೆ. ಈ ಮೂರೂ ಊರಿಗೆ ಒಂದೇ ಒಂದು ಉದ್ಘಾಟನೆಗಾಗಿ ಹೆಲಿಕಾಪ್ಟರ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ದಿನ ಬೆಳಿಗ್ಗೆ ಕಲಬುರಗಿಯಲ್ಲಿ ಪ್ರವಾಹ ನೋಡಿ ಸಂಜೆ ಇಲ್ಲಿ ಸಭೆ ಇದ್ದರೆ ಮಾತು ಬೇರೆ. ಅನಾಹುತ ಆದಾಗ ಮುಖ್ಯಮಂತ್ರಿ ಬೇಗ ತಲುಪಬೇಕು. ಅದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ, ಕೇಳಲೂಬಾರದು.

ಹೆಲಿಕಾಪ್ಟರ್ ಬಿಲ್ಲಿನ ಆಚೆಗೂ ಖರ್ಚಿದೆ. ಲೋಕೋಪಯೋಗಿ ಇಲಾಖೆಯವರು ನೆಲ ಸಮ ಮಾಡಿ ಹೆಲಿಪ್ಯಾಡ್ ಸಿದ್ಧ ಮಾಡಬೇಕು. ದೂಳು ಏಳದ ಹಾಗೆ ನೀರು ಹಾಕಬೇಕು. ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಡಾಕ್ಟರ್, ಪೊಲೀಸರು ಅಲ್ಲೇ ಕಾಯಬೇಕು. ಇಳಿದ ಜಾಗದಿಂದ ಸಭೆಗೆ ಹೋಗಲು ಕಾರುಗಳ ಸಾಲು ಹೇಗೂ ಬೇಕೇ ಬೇಕು. ಈ ಖರ್ಚು ಬೇರೆ ಬೇರೆ ಇಲಾಖೆಗಳ ಲೆಕ್ಕದಲ್ಲಿ ಹಂಚಿಹೋಗುತ್ತದೆ. ಸದನದಲ್ಲಿ ಕೊಡುವ ಬಾಡಿಗೆ ಮೊತ್ತದಲ್ಲಿ ಇದು ಕಾಣುವುದಿಲ್ಲ.

ರಸ್ತೆಯಲ್ಲಿ ಬಂದರೆ ಟ್ರಾಫಿಕ್ ನಿಲ್ಲಿಸಿ ಜನಕ್ಕೆ ತೊಂದರೆ ಕೊಡುತ್ತಾರೆ, ಹೆಲಿಕಾಪ್ಟರೇ ವಾಸಿ ಎನ್ನುವವರೂ ಇದ್ದಾರೆ. ಅದರಲ್ಲಿ ನ್ಯಾಯ ಇದೆ. ಆದರೆ ಅದಕ್ಕೆ ಪರಿಹಾರ ಬೆಂಗಾವಲು ಕಡಿಮೆ ಮಾಡುವುದು.

ನಮ್ಮ ಗುಬ್ಬಿ ಹತ್ತಿರವೇ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, ಅಲ್ಲಿಂದಲೇ ಒಂದು ತೆಗೆದುಕೊಳ್ಳಬಾರದಾ?

ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಘಟಕ 615 ಎಕರೆಯದ್ದು. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ಕ್ಕೆ ಉದ್ಘಾಟನೆ ಆಯಿತು. ಅಲ್ಲಿ ಮೊದಲಿಗೆ ತಯಾರಿಸಲು ಆರಿಸಿದ್ದು ಲಘು ಹೆಲಿಕಾಪ್ಟರ್. ಅದು ಮುಖ್ಯವಾಗಿ ಸೇನೆಗೆ, ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ. ಗಡಿಯಲ್ಲಿರುವವರಿಗೆ ಅದು ಮೊದಲು ಸಿಗಲಿ.

ಸುರಕ್ಷತೆಗೆ ವಿಶೇಷ ವಿಮಾನವೇ ಒಳ್ಳೆಯದು ಅಂತಾರಲ್ಲ?

ಗುಂಡಿನ ಭಯದಿಂದ ರಕ್ಷಣೆ ಎನ್ನುವುದಾದರೆ ಕೆಲವರಿಗೆ ನಿಜ. ಹಾರಾಟದ ಅಪಾಯ ಎನ್ನುವುದಾದರೆ ಹಾಗೆ ಹೇಳಲಾಗದು. ಮಾಮೂಲಿ ದೊಡ್ಡ ವಿಮಾನಕ್ಕೆ ಗೊತ್ತಾದ ವೇಳೆ, ಗೊತ್ತಾದ ನಿಲ್ದಾಣ, ದೊಡ್ಡ ವ್ಯವಸ್ಥೆ ಇರುತ್ತದೆ. ಗಣ್ಯರ ಹೆಲಿಕಾಪ್ಟರ್‌ಗೆ ಸಭೆ ತಪ್ಪಬಾರದು ಎಂಬ ಒತ್ತಡ ಇರುತ್ತದೆ. ಲೋಕಸಭೆ ಸ್ಪೀಕರ್ ಬಾಲಯೋಗಿ 2002ರ ಮಾರ್ಚ್ 3ರಂದು, ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ 2009ರ ಸೆಪ್ಟೆಂಬರ್ 2ರಂದು ಹೆಲಿಕಾಪ್ಟರ್ ದುರಂತದಲ್ಲೇ ಹೋದರು. ಕೋಲಾರದವರಿಗೆ ಸೌಂದರ್ಯ ಅವರ ಸಾವು ಇನ್ನೂ ಮರೆತಿಲ್ಲ. ಮುಳಬಾಗಿಲು ಮೂಲದ ಆ ನಟಿ 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು. ಜಕ್ಕೂರಿನಿಂದ ಮೇಲೆದ್ದ ಪುಟ್ಟ ಖಾಸಗಿ ವಿಮಾನ ಕೆಲವೇ ಕ್ಷಣಗಳಲ್ಲಿ ಜಿಕೆವಿಕೆ ಆವರಣದಲ್ಲಿ ಬಿತ್ತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ.

ಹವಾಮಾನ ಸರಿಯಿಲ್ಲ ಎಂದು ಪೈಲಟ್ ಹೇಳಿದರೆ ಮಂತ್ರಿಯಾದರೂ ಕಾರು ಹತ್ತಬೇಕು. ಈ ಮಾತನ್ನು ಪೈಲಟ್ ಭಯವಿಲ್ಲದೆ ಹೇಳುವಂತಿರಬೇಕು.

ಚುನಾವಣೆ ಹೊತ್ತಿನಲ್ಲಿ ಬಳಸಬಹುದಾ?

ಇಲ್ಲ. ಮಾದರಿ ನೀತಿ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಆಳುವ ಪಕ್ಷದ ಅನುಕೂಲಕ್ಕೆ ಸರ್ಕಾರಿ ವಿಮಾನ, ವಾಹನ, ಸಿಬ್ಬಂದಿ ಬಳಸಬಾರದು. ಕಚೇರಿ ಪ್ರವಾಸಕ್ಕೆ ಪ್ರಚಾರವನ್ನು ಸೇರಿಸಲೂಬಾರದು. ಭದ್ರತೆ ಕಾರಣಕ್ಕೆ ಪ್ರಧಾನಿಗೆ ಮಾತ್ರ ವಿನಾಯಿತಿ. ಇಂದಿರಾ ಗಾಂಧಿಯವರ ಚುನಾವಣೆ ವಿರುದ್ಧದ ಪ್ರಕರಣದಲ್ಲೂ ವಾಯುಪಡೆ ವಿಮಾನ ಬಳಸಿದ ಆರೋಪ ಇತ್ತು. 1975ರ ಜೂನ್ 12ರ ತೀರ್ಪಿನಲ್ಲಿ ಅಲಹಾಬಾದ್ ಹೈಕೋರ್ಟ್ ಆ ಆರೋಪ ಒಪ್ಪಲಿಲ್ಲ. ಅವರ ಆಯ್ಕೆ ರದ್ದಾದದ್ದು ಸರ್ಕಾರಿ ನೌಕರರ ನೆರವು ಪಡೆದ ಕಾರಣಕ್ಕೆ.

ಚುನಾವಣೆ ಇಲ್ಲದ ದಿನಗಳಲ್ಲಿ ಈ ಗೆರೆ ಮಸುಕಾಗುತ್ತದೆ. ಬೆಳಿಗ್ಗೆ ಇಲಾಖೆ ಸಭೆ, ಮಧ್ಯಾಹ್ನ ಪಕ್ಷದ ಸಮಾವೇಶ, ಸಂಜೆ ಬೀಗರ ಮನೆ ಮದುವೆ. ಬಿಲ್ಲು ಮಾತ್ರ ಒಂದೇ. ಅಮೆರಿಕದಲ್ಲಾಗಲಿ ಇಲ್ಲಾಗಲಿ ಜಾಸ್ತಿ ದುರುಪಯೋಗ ಆಗುವುದು ಇಂಥ ಬೆರಕೆ ಪ್ರಯಾಣದಲ್ಲೇ.

ಯಾರೋ ಉದ್ಯಮಿ ತನ್ನ ಜೆಟ್‌ನಲ್ಲಿ ಪುಕ್ಕಟೆ ಕರೆದುಕೊಂಡು ಹೋದರೆ ಸರ್ಕಾರಕ್ಕೆ ಖರ್ಚಿಲ್ಲವಲ್ಲ?

ಅದು ಇನ್ನೂ ಕೆಟ್ಟದ್ದು. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಪುಕ್ಕಟೆ ಪ್ರಯಾಣವನ್ನೂ ಉಡುಗೊರೆ ಎಂದೇ ಎಣಿಸುತ್ತಾರೆ. ದಾರಿಯಲ್ಲಿ ಸಿಕ್ಕಾಗ ಕಾರಿನಲ್ಲಿ ಹತ್ತಿಸಿಕೊಳ್ಳುವಂಥ ಸಣ್ಣ ಉಪಕಾರಕ್ಕೆ ವಿನಾಯಿತಿ ಇದೆ. ಜೆಟ್ ಆ ಸಾಲಿಗೆ ಸೇರದು. ಕೊಟ್ಟವರು ನಾಳೆ ಕಡತ ಹಿಡಿದು ಬರುತ್ತಾರೆ.

ಆರ್‌ಟಿಐ ಹಾಕಿ ಕೇಳಬಹುದಾ? ಹೇಗೆ?

ಖಂಡಿತ ಕೇಳಬಹುದು. ಸುಮ್ನೆ ಬೈದುಕೊಂಡು ಕೂರುವುದಕ್ಕಿಂತ ಇದೇ ಸರಿಯಾದ ದಾರಿ.

ಮುಖ್ಯಮಂತ್ರಿಯವರ ವಿಮಾನದ ವಿಷಯಕ್ಕೆ ವಿಧಾನಸೌಧದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಕಚೇರಿ ತಪ್ಪಾದರೂ ಚಿಂತೆಯಿಲ್ಲ, 5 ದಿನದೊಳಗೆ ಸರಿಯಾದ ಕಡೆಗೆ ಅವರೇ ಕಳಿಸಬೇಕು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮೀರಿ ಪುಟಗಟ್ಟಲೆ ಬರೆದರೆ ವಾಪಸ್ ಬರುತ್ತದೆ. ಉತ್ತರಕ್ಕೆ 30 ದಿನ.

‘ಯಾಕೆ ಹೋದರು’ ಎಂದು ಕೇಳಬೇಡಿ. ಕಾರಣ, ಅಭಿಪ್ರಾಯ ಕೇಳಿದರೆ ತಳ್ಳಿಹಾಕುವುದು ಸುಲಭ. ದಾಖಲೆ ಕೇಳಿ. ಹೀಗೆ: ‘1-4-2024ರಿಂದ 31-3-2025ರವರೆಗೆ ಬಾಡಿಗೆಗೆ ಪಡೆದ ವಿಮಾನ ಮತ್ತು ಹೆಲಿಕಾಪ್ಟರ್‌ಗಳ ಪ್ರತಿ ಹಾರಾಟದ ದಿನಾಂಕ, ಎಲ್ಲಿಂದ ಎಲ್ಲಿಗೆ, ಪ್ರಯಾಣಿಕರ ಸಂಖ್ಯೆ, ಕಾರ್ಯಕ್ರಮದ ವಿವರ, ಖಾಲಿ ಹಾರಾಟ ಸೇರಿದಂತೆ ಒಟ್ಟು ಗಂಟೆ, ಪಾವತಿಸಿದ ಬಿಲ್ಲುಗಳ ಪ್ರತಿ.’ ಹೆಲಿಪ್ಯಾಡ್ ಖರ್ಚಿಗೆ ತುಮಕೂರಿನ ಲೋಕೋಪಯೋಗಿ ಇಲಾಖೆಗೆ ಬೇರೆ ಅರ್ಜಿ ಹಾಕಿ.

ಭದ್ರತೆ ಎಂದು ನಿರಾಕರಿಸಬಹುದು. ಮುಂದಿನ ವಾರದ ಪ್ರಯಾಣದ ವಿವರ ಕೊಡದಿರುವುದು ಸರಿ. ಕಳೆದ ವರ್ಷದ ಬಿಲ್ಲಿನಿಂದ ಯಾರಿಗೆ ಏನು ಅಪಾಯ? ಗುಟ್ಟಾಗಿಡಬೇಕಾದ ಸಾಲು ಇದ್ದರೆ ಅದನ್ನಷ್ಟೇ ಅಳಿಸಿ ಉಳಿದದ್ದು ಕೊಡಿ ಎಂದು ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಅದನ್ನು ಮೇಲ್ಮನವಿಯಲ್ಲಿ ಬರೆಯಿರಿ. ಮೊದಲ ಮೇಲ್ಮನವಿಗೆ 30 ದಿನ, ಆಮೇಲೆ ರಾಜ್ಯ ಮಾಹಿತಿ ಆಯೋಗಕ್ಕೆ 90 ದಿನ ಸಮಯ ಇದೆ. ತಾಳ್ಮೆ ಬೇಕು. ಪ್ರಧಾನಿಯವರ ವಿಮಾನದ ವಿವರ ಕೊಡಿ ಎಂದು ಕೇಂದ್ರ ಮಾಹಿತಿ ಆಯೋಗ 2020ರಲ್ಲಿ ಹೇಳಿದಾಗ ವಾಯುಪಡೆ ದೆಹಲಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು.

ಫೋನಿನ ಆಪ್‌ನಲ್ಲಿ ವಿಮಾನ ಎಲ್ಲಿದೆ ಅಂತ ನೋಡಬಹುದಲ್ಲ?

ಫ್ಲೈಟ್‌ರಾಡಾರ್24 ಥರದ ಆಪ್‌ಗಳಲ್ಲಿ ವಿಮಾನ ಎಲ್ಲಿಂದ ಎಲ್ಲಿಗೆ ಹಾರಿತು ಎಂಬುದು ಕಾಣುತ್ತದೆ. ಒಳಗೆ ಯಾರಿದ್ದರು, ಬಿಲ್ಲು ಯಾರದ್ದು ಎಂಬುದು ಕಾಣುವುದಿಲ್ಲ. ಅಷ್ಟರ ಮೇಲೇ ಆರೋಪ ಮಾಡಬೇಡಿ. ಹಾರುತ್ತಿರುವಾಗಲೇ ಗಣ್ಯರ ವಿಮಾನದ ಜಾಡನ್ನು ಗುಂಪುಗಳಲ್ಲಿ ಹಾಕುವುದನ್ನೂ ನಾನು ಒಪ್ಪುವುದಿಲ್ಲ.

ಹಾಗಾದರೆ ಏನು ಬದಲಾಗಬೇಕು?

ಯಾರೂ ಕೇಳುವ ಮೊದಲೇ ಲೆಕ್ಕ ಹೊರಗೆ ಬರಬೇಕು. ಇದು ಹೊಸ ಮಾತೇನಲ್ಲ. ಮಂತ್ರಿಗಳು ಮತ್ತು ಜಂಟಿ ಕಾರ್ಯದರ್ಶಿ ಹಾಗೂ ಅದಕ್ಕೂ ಮೇಲಿನ ಅಧಿಕಾರಿಗಳ ಪ್ರವಾಸದ ವಿವರವನ್ನು ಮೂರು ತಿಂಗಳಿಗೊಮ್ಮೆ ತಾವಾಗಿಯೇ ಪ್ರಕಟಿಸಿ ಎಂದು ಕೇಂದ್ರದ ಸಿಬ್ಬಂದಿ ಇಲಾಖೆ 2012ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲೂ ಪ್ರತಿ ವಿಶೇಷ ಹಾರಾಟಕ್ಕೆ ಒಂದು ಸಾಲು, ತಿಂಗಳು ಮುಗಿದ ಮೇಲೆ ವೆಬ್‌ಸೈಟಿನಲ್ಲಿ ಹಾಕಿದರೆ ಸಾಕು. ಸ್ವಂತ ಅಥವಾ ಪಕ್ಷದ ಕೆಲಸ ಬೆರೆತಿದ್ದರೆ ಆ ಪಾಲಿನ ಪೂರ್ತಿ ಖರ್ಚು ಕಟ್ಟಬೇಕು, ಸೀಟಿನ ದರವಲ್ಲ. ಮಾಮೂಲಿ ವಿಮಾನ ಯಾಕೆ ಆಗಲಿಲ್ಲ ಎಂದು ಒಂದು ವಾಕ್ಯ ಬರೆಯಬೇಕು. ಬೆಂಗಳೂರು–ದೆಹಲಿ ನಡುವೆ ದಿನಕ್ಕೆ ಎಷ್ಟೊಂದು ವಿಮಾನಗಳಿವೆ. ಆ ವಾಕ್ಯ ಬರೆಯುವುದು ಕೆಲವು ಸಲ ಕಷ್ಟವಾಗುತ್ತದೆ, ಆಗ ಪ್ರಯಾಣದ ರೀತಿಯೂ ಬದಲಾಗುತ್ತದೆ.

ಉತ್ತರ ಕೈಗೆ ಬಂದ ಮೇಲೆ ಏನು ಮಾಡಲಿ?

ಮೊದಲು ವಾರ್ತಾ ಇಲಾಖೆ ಹೊರಡಿಸಿದ ಪ್ರವಾಸ ಕಾರ್ಯಕ್ರಮದ ಪಟ್ಟಿ ಪಕ್ಕದಲ್ಲಿಟ್ಟು ದಿನಾಂಕ ತಾಳೆ ಹಾಕಿ. ಹಾರಾಟ ಇದ್ದು ಕಾರ್ಯಕ್ರಮ ಇಲ್ಲದ ದಿನಗಳನ್ನು ಗುರುತಿಸಿ. ಆ ದಿನದ ಪತ್ರಿಕೆಯಲ್ಲಿ ಪಕ್ಷದ ಸಭೆಯ ಸುದ್ದಿ ಇದೆಯಾ ನೋಡಿ. ಯಾವ ಸರ್ಕಾರದ ಕಾಲದ್ದೇ ಆದರೂ ಇದೇ ಅಳತೆ ಇಟ್ಟುಕೊಳ್ಳಿ. ಹಿಂದಿನವರ ವರ್ಷಗಳಿಗೂ ಇನ್ನೊಂದು ಅರ್ಜಿ ಹಾಕಿ ಪಕ್ಕದಲ್ಲಿಟ್ಟರೆ, ಪಕ್ಷ ಕಟ್ಟಿಕೊಂಡು ಮಾತಾಡುತ್ತಿದ್ದೀರಿ ಎಂದು ಯಾರೂ ಹೇಳಲಾರರು.

ಆಮೇಲೆ ನಿಮ್ಮ ಶಾಸಕರ ಹತ್ತಿರ ಹೋಗಿ. ತುಮಕೂರು ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರಗಳಿವೆ, ಜೊತೆಗೆ ವಿಧಾನ ಪರಿಷತ್ ಸದಸ್ಯರಿದ್ದಾರೆ. ಅಧಿವೇಶನಕ್ಕೆ ಮುಂಚೆಯೇ ಪ್ರಶ್ನೆ ಬರೆದು ಕೊಡಿ. ಬರೀ ಒಟ್ಟು ಮೊತ್ತ ಕೇಳಿಸಬೇಡಿ. ಹಾರಾಟವಾರು ಪಟ್ಟಿ, ಖಾಲಿ ಹಾರಾಟದ ಗಂಟೆ, ಹೆಲಿಪ್ಯಾಡ್ ಖರ್ಚು, ಯಾರಾದರೂ ವಾಪಸ್ ಕಟ್ಟಿದ ಮೊತ್ತ, ಈ ನಾಲ್ಕನ್ನೂ ಕೇಳಿಸಿ.